ಯುದ್ಧ ನುಂಗಿದ ನಾಲ್ಕು ಋತುಗಳು

ಎರಡನೇ ಮಹಾಯುದ್ಧದ ಕಾಲದಲ್ಲೂ ನಮ್ಮಲ್ಲಿ ರಣಜಿ ಟ್ರೋಫಿ ನಿಲ್ಲಲಿಲ್ಲ. ಮೈಸೂರು ತಂಡ ಮೊದಲ ಬಾರಿಗೆ ಫೈನಲ್ ತಲುಪಿ ಮುಂಬಯಿಗೆ ಸೋತದ್ದು 1941–42ರಲ್ಲಿ. ಇಂಗ್ಲೆಂಡಿನ ಕೌಂಟಿ ಕ್ರಿಕೆಟ್ ಮಾತ್ರ 1940ರಿಂದ ಆರು ಬೇಸಿಗೆ ನಡೆಯಲೇ ಇಲ್ಲ. ಅಮೆರಿಕದ್ದು ಇವೆರಡರ ನಡುವಿನ ದಾರಿ. ಜನರ ಮನಸ್ಸಿಗೆ ಹಗುರವಾಗಲೆಂದು ಬೇಸ್‌ಬಾಲ್ ನಡೆಯಲಿ, ಆದರೆ ವಯಸ್ಸಿಗೆ ಬಂದ ಆಟಗಾರರು ಸೇನೆಗೆ ಹೋಗಲಿ ಎಂದು ಅಧ್ಯಕ್ಷ ರೂಸ್‌ವೆಲ್ಟ್ 1942ರ ಜನವರಿಯಲ್ಲಿ ಪತ್ರ ಬರೆದರು.

ಆ ಪತ್ರಕ್ಕೂ ಮೊದಲೇ ಹೊರಟುಹೋಗಿದ್ದವನು ಬಾಬ್ ಫೆಲ್ಲರ್. ಐಯೋವಾ ರಾಜ್ಯದ ರೈತನೊಬ್ಬನ ಮಗ. 1936ರಲ್ಲಿ, ಹದಿನೇಳರ ಹರೆಯದಲ್ಲೇ ಕ್ಲೀವ್‌ಲ್ಯಾಂಡ್ ತಂಡದ ಪಿಚರ್ ಆದ. ಪಿಚರ್ ಎಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಅವನು ಓಡಿ ಬರುವುದಿಲ್ಲ, ಚೆಂಡನ್ನು ನೆಲಕ್ಕೆ ಪುಟಿಸುವುದಿಲ್ಲ. ನಿಂತಲ್ಲಿಂದಲೇ ತೋಳು ಬೀಸಿ ಎಸೆಯುತ್ತಾನೆ. ಮೂರು ‘ಸ್ಟ್ರೈಕ್’ ಆದರೆ ದಾಂಡಿಗ ಔಟ್. 1938ರಲ್ಲಿ ಡೆಟ್ರಾಯಿಟ್ ವಿರುದ್ಧ ಒಂದೇ ಪಂದ್ಯದಲ್ಲಿ ಫೆಲ್ಲರ್ 18 ಬಾರಿ ಹೀಗೆ ಔಟ್ ಮಾಡಿದ. ಬೇಸ್‌ಬಾಲ್‌ನಲ್ಲಿ ತಂಡದ ಗೆಲುವನ್ನು ಪಿಚರ್‌ನ ಲೆಕ್ಕಕ್ಕೂ ಬರೆಯುತ್ತಾರೆ. ನಮಗೆ ವಿಚಿತ್ರವೆನಿಸುವ ಪದ್ಧತಿ. 1939ರಿಂದ ಮೂರು ವರ್ಷಗಳಲ್ಲಿ ಆತನ ಖಾತೆಗೆ 76 ಗೆಲುವು ಬಂದಿದ್ದವು.

1941ರ ಡಿಸೆಂಬರ್ 7ರಂದು ಹೊಸ ಕರಾರಿಗೆ ಸಹಿ ಹಾಕಲು ಕಾರಿನಲ್ಲಿ ಷಿಕಾಗೋಗೆ ಹೋಗುತ್ತಿದ್ದಾಗ ಪರ್ಲ್ ಹಾರ್ಬರ್ ಮೇಲೆ ಜಪಾನೀಯರ ದಾಳಿಯ ಸುದ್ದಿ ರೇಡಿಯೋದಲ್ಲಿ ಬಂತು. ತಂದೆಗೆ ಕ್ಯಾನ್ಸರ್, ಮನೆಯ ಭಾರ ಹೊತ್ತ ಮಗನಿಗೆ ಕಡ್ಡಾಯ ಸೇನಾ ಸೇವೆಯಿಂದ ವಿನಾಯಿತಿಯಿತ್ತು. ಆದರೂ ಎರಡೇ ದಿನದಲ್ಲಿ ಫೆಲ್ಲರ್ ನೌಕಾಪಡೆ ಸೇರಿದ. ಅಲ್ಲಿ ಮೊದಲು ಕೊಟ್ಟದ್ದು ವ್ಯಾಯಾಮ ಕಲಿಸುವ ಕೆಲಸ. ಹೆಸರಾಂತ ಆಟಗಾರರಿಗೆ ಅದು ಸುರಕ್ಷಿತ ಜಾಗ. ಈತ ಹಡಗನ್ನೇ ಬೇಡಿದ. ‘ಅಲಬಾಮಾ’ ಯುದ್ಧನೌಕೆಯಲ್ಲಿ ವಿಮಾನ ನಿರೋಧಕ ತುಪಾಕಿ ತಂಡದ ನಾಯಕನಾದ. ಅಟ್ಲಾಂಟಿಕ್, ಆಮೇಲೆ ಪೆಸಿಫಿಕ್. 1943ರಲ್ಲಿ ತಂದೆ ತೀರಿಕೊಂಡರು.

ಮೈದಾನಕ್ಕೆ ಮರಳಿದ್ದು 1945ರ ಆಗಸ್ಟ್ 24ರಂದು. ಅಂದೇ ಡೆಟ್ರಾಯಿಟ್ ತಂಡವನ್ನು ಸೋಲಿಸಿದ, 12 ಸ್ಟ್ರೈಕ್‌ಔಟ್‌ಗಳೊಂದಿಗೆ. ಮರುವರ್ಷ ಒಟ್ಟು 348.

ವೃತ್ತಿ ಮುಗಿದಾಗ ಗೆಲುವುಗಳು 266. ವರ್ಷಕ್ಕೆ 25ರಂತೆ ಹಿಡಿದರೆ ಕಳೆದ ಋತುಗಳಲ್ಲಿ ಇನ್ನೂ ನೂರರಷ್ಟು ಸೇರುತ್ತಿತ್ತೆಂದು ಅಭಿಮಾನಿಗಳು ಕೂಡಿಸುತ್ತಾರೆ. ಇಪ್ಪತ್ಮೂರರಿಂದ ಇಪ್ಪತ್ತಾರು, ತೋಳಿಗೆ ಕಸುವಿರುವ ವಯಸ್ಸು ನಿಜ. ಆದರೆ ಹದಿನೇಳರಿಂದಲೇ ದುಡಿದ ತೋಳು ಎಲ್ಲಿ ಸೋಲುತ್ತಿತ್ತೋ ಬಲ್ಲವರಾರು? ಸ್ವತಃ ಫೆಲ್ಲರ್ (ಆತ ತೀರಿಕೊಂಡದ್ದು 2010ರಲ್ಲಿ) ಈ ಲೆಕ್ಕಕ್ಕೆ ಮರುಗಲಿಲ್ಲ. ವೀರರು ಮರಳಿ ಬಾರದವರು, ತಾನಲ್ಲ ಎನ್ನುತ್ತಿದ್ದ.

ಮರಳಿ ಬಾರದವರಲ್ಲಿ ನಮ್ಮ ಕಡೆಯವರು ಕಂಡಿದ್ದ ಬೌಲರನೊಬ್ಬನಿದ್ದ: 1934ರ ಮದರಾಸು ಟೆಸ್ಟಿನಲ್ಲಿ ಭಾರತದ 11 ವಿಕೆಟ್ ಕಿತ್ತ ಯಾರ್ಕ್‌ಶೈರಿನ ಹೆಡ್ಲಿ ವೆರಿಟಿ. 1939ರ ಸೆಪ್ಟೆಂಬರ್ 1ರಂದು, ಇಂಗ್ಲೆಂಡ್ ಯುದ್ಧ ಸಾರುವುದಕ್ಕೆ ಎರಡು ದಿನ ಮೊದಲು, ಹೋವ್‌ನಲ್ಲಿ ಸಸೆಕ್ಸ್ ವಿರುದ್ಧ 9 ರನ್ನಿಗೆ 7 ವಿಕೆಟ್ ಪಡೆದ. ಅದೇ ಕೊನೆಯ ಕೌಂಟಿ ಪಂದ್ಯ. ಸಿಸಿಲಿಯಲ್ಲಿ ಗಾಯಗೊಂಡು ಸೆರೆಸಿಕ್ಕ ಕ್ಯಾಪ್ಟನ್ ವೆರಿಟಿ 1943ರ ಜುಲೈ 31ರಂದು ಇಟಲಿಯ ಕಸೆರ್ಟಾದಲ್ಲಿ ತೀರಿಕೊಂಡ. ವಯಸ್ಸು 38.