ಪಾರ್ಕಿನಲ್ಲಿ ಡ್ರೋನ್ ಹಾರಿಸಬಹುದೇ?

ಅಕ್ಕತಂಗಿಯರೇ, ಡ್ರೋನ್ ನೋಡಿದ್ದೀರಾ? ಮದುವೆಯಲ್ಲಿ, ಜಾತ್ರೆಯಲ್ಲಿ ಗುಂಯ್ ಎನ್ನುತ್ತಾ ತಲೆಯ ಮೇಲೆ ಹಾರುತ್ತದಲ್ಲ, ಅದೇ ಡ್ರೋನ್. ಅದರೊಳಗೆ ಯಾರೂ ಇರುವುದಿಲ್ಲ. ಕೆಳಗೆ ನಿಂತವರು ಅದನ್ನು ನಡೆಸುತ್ತಾರೆ. ಬಹಳಷ್ಟು ಡ್ರೋನುಗಳಿಗೆ ಕ್ಯಾಮೆರಾ ಇರುತ್ತದೆ.

ಡ್ರೋನ್ ಕೆಟ್ಟದ್ದೇನಲ್ಲ. ಹೊಲಕ್ಕೆ ಔಷಧಿ ಹೊಡೆಯಲು ಬರುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ 'ನಮೋ ಡ್ರೋನ್ ದೀದಿ' ಯೋಜನೆ ತಂದಿತು. ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಟ್ಟು, ನಡೆಸಲು ಕಲಿಸುವ ಯೋಜನೆ ಇದು. ಆದರೆ ಹೊಲವೇ ಬೇರೆ, ಪಾರ್ಕೇ ಬೇರೆ.

ಬೆಂಗಳೂರಿನ ಕಬ್ಬನ್ ಪಾರ್ಕನ್ನೇ ನೋಡಿ. 1870ರಲ್ಲಿ ಆದ ಉದ್ಯಾನ ಅದು. ಭಾನುವಾರ ಬಂದರೆ ಜನವೋ ಜನ. ಮಕ್ಕಳು ಓಡಾಡುತ್ತಾರೆ. ಮುದುಕರು ಬೆಂಚಿನ ಮೇಲೆ ಕೂರುತ್ತಾರೆ. ಮರಗಳಲ್ಲಿ ಹಕ್ಕಿಗಳ ಗೂಡು. ಪಕ್ಕದಲ್ಲೇ ಹೈಕೋರ್ಟು, ವಿಧಾನಸೌಧ.

ಇಂಥ ಕಡೆ ಡ್ರೋನ್ ಬಿದ್ದರೆ ಏನಾದೀತು? ಅದರ ರೆಕ್ಕೆ ಜೋರಾಗಿ ತಿರುಗುತ್ತಿರುತ್ತದೆ. ಬೆರಳು ಕತ್ತರಿಸೀತು, ಕಣ್ಣಿಗೆ ಹೊಡೆದೀತು. ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತಬಹುದು.

ಇನ್ನೊಂದು ಮಾತು. ತಾಯಿಯೊಬ್ಬಳು ಮರದ ಮರೆಯಲ್ಲಿ ಕೂತು ಮಗುವಿಗೆ ಹಾಲೂಡಿಸುತ್ತಿದ್ದಾಳೆ ಅನ್ನಿ. ಮೇಲಿನಿಂದ ಚಿತ್ರ ತೆಗೆದರೆ ಅವಳಿಗೆ ಗೊತ್ತೇ ಆಗುವುದಿಲ್ಲ. ಆ ಚಿತ್ರ ಫೋನಿನಿಂದ ಫೋನಿಗೆ ಹೋದರೆ ಮಾನದ ಪ್ರಶ್ನೆ.

ಹಾಗಾದರೆ ಕಾನೂನು ಏನು ಹೇಳುತ್ತದೆ? 2021ರಲ್ಲಿ ಡ್ರೋನ್ ನಿಯಮಗಳು ಬಂದವು. ಮುಖ್ಯವಾದವು ಇವು:

1. ಬಸ್ಸು, ಸ್ಕೂಟರಿಗೆ ಇರುವ ಹಾಗೆ ಡ್ರೋನಿಗೂ ನೋಂದಣಿ ಸಂಖ್ಯೆ ಬೇಕು.

2. ಸರ್ಕಾರ ದೇಶದ ನಕ್ಷೆಗೆ ಮೂರು ಬಣ್ಣ ಹಚ್ಚಿದೆ. ಕೆಂಪು ಜಾಗದಲ್ಲಿ ಕೇಂದ್ರ ಸರ್ಕಾರದ ಅಪ್ಪಣೆ ಇಲ್ಲದೆ ಹಾರಿಸುವಂತಿಲ್ಲ. ಹಳದಿ ಜಾಗದಲ್ಲಿ ವಿಮಾನ ಸಂಚಾರ ನೋಡಿಕೊಳ್ಳುವವರ ಅಪ್ಪಣೆ ಬೇಕು. ಹಸಿರು ಜಾಗದಲ್ಲಿ 400 ಅಡಿವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ಒಳಗಾದರೆ 200 ಅಡಿ ಮಾತ್ರ.

3. 2 ಕಿಲೋಗಿಂತ ಭಾರದ ಡ್ರೋನ್ ನಡೆಸುವವರಿಗೆ 18 ವರ್ಷ ತುಂಬಿರಬೇಕು. ತರಬೇತಿ ಪಡೆದ ಸರ್ಟಿಫಿಕೇಟು ಇರಬೇಕು.

4. ಎಲ್ಲೇ ಆಗಲಿ, ಜನರಿಗೆ, ಆಸ್ತಿಗೆ ಅಪಾಯ ಆಗುವ ಹಾಗೆ ಹಾರಿಸಕೂಡದು.

ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಹಸಿರು ಜಾಗ ಎಂದ ಮಾತ್ರಕ್ಕೆ ಪಾರ್ಕಿನಲ್ಲಿ ಹಾರಿಸಿಬಿಡುವುದಲ್ಲ. ಪಾರ್ಕು ನೋಡಿಕೊಳ್ಳುವವರನ್ನೂ ಕೇಳಬೇಕು. ಮಗ ಡ್ರೋನ್ ಬೇಕು ಎಂದು ಹಟ ಹಿಡಿದರೆ ಇದನ್ನೆಲ್ಲ ಮೊದಲೇ ಹೇಳಿ. ಜನರಿಲ್ಲದ ಬಯಲಿನಲ್ಲಿ, ದೊಡ್ಡವರ ಎದುರಿಗೆ ಕಲಿಯಲಿ.

ನಿಮ್ಮ ತಲೆಯ ಮೇಲೆ ಡ್ರೋನ್ ಸುತ್ತಿದರೆ ಏನು ಮಾಡಬೇಕು? ಕಲ್ಲು ಹೊಡೆಯಬೇಡಿ. ಅದು ಮಕ್ಕಳ ಮೇಲೇ ಬಿದ್ದೀತು. ಮಕ್ಕಳನ್ನು ಕರೆದುಕೊಂಡು ದೂರ ಸರಿಯಿರಿ. ಪಾರ್ಕಿನ ಕಾವಲುಗಾರರಿಗೆ ತಿಳಿಸಿ. ಅಪಾಯ ಎನಿಸಿದರೆ 112ಕ್ಕೆ ಫೋನ್ ಮಾಡಿ. ಹಾರಿಸುವವರು ಎದುರಿಗಿದ್ದರೆ, "ಅಪ್ಪಣೆ ಇದೆಯೇನಪ್ಪ? ಕಾಗದ ತೋರಿಸು" ಎಂದು ಕೇಳಿ. ತೋರಿಸಿದರೆ ನೀವೇ ಓದಿ ನೋಡಿ. ಕೇಳಲು ಹಿಂಜರಿಯಬೇಡಿ. ಪಾರ್ಕು ಎಲ್ಲರದು.