ಮನೆ ಮಾರಾಟಕ್ಕೆ ಚಿತ್ರ ತೆಗೆಯುವ ಮುನ್ನ: ಸೇಲಂ, ಧರ್ಮಪುರಿಯ ಕುಟುಂಬಗಳು ಅರಿತಿರಬೇಕಾದ ಸಂಗತಿಗಳು

ಮನೆ ಕೊಳ್ಳುವವರು ಈಗ ಮೊದಲು ಬಾಗಿಲಿಗೆ ಬರುವುದಿಲ್ಲ. ಮೊಬೈಲಿನ ಪರದೆಯಲ್ಲಿ ಮನೆಯನ್ನು ನೋಡಿ, ಬರಬೇಕೋ ಬೇಡವೋ ಎಂದು ಅಲ್ಲಿಯೇ ತೀರ್ಮಾನಿಸುತ್ತಾರೆ. ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಒಂದು ಕಾಲಕ್ಕೆ ಮನೆ ಮಾರಾಟದ ಸುದ್ದಿಯು ದಲ್ಲಾಳಿಯ ಬಾಯಿಂದ, ಸಂತೆಯ ಮಾತಿನಿಂದ, ಬಂಧುಗಳ ಮೂಲಕ ಹರಡುತ್ತಿತ್ತು. ಇಂದು ಮ್ಯಾಜಿಕ್‌ಬ್ರಿಕ್ಸ್, 99ಏಕರ್ಸ್ ಮೊದಲಾದ ಜಾಲತಾಣಗಳಲ್ಲಿ ಹಾಕುವ ಕೆಲವು ಚಿತ್ರಗಳೇ ಆ ಕೆಲಸವನ್ನು ಮಾಡುತ್ತಿವೆ.

ಈ ಭಾಗದ ಕನ್ನಡ ಕುಟುಂಬಗಳಲ್ಲಿ ಮನೆ ಮಾರುವ ಸಂದರ್ಭಗಳು ಹಲವು. ಮಕ್ಕಳ ಉನ್ನತ ಶಿಕ್ಷಣಕ್ಕಾಗಿ ಬೆಂಗಳೂರಿಗೋ ಮೈಸೂರಿಗೋ ನೆಲೆ ಬದಲಿಸುವವರಿದ್ದಾರೆ. ಹೊಸೂರಿನ ಕಾರ್ಖಾನೆಗಳ ಕೆಲಸಕ್ಕೆ ಹೋಗುವವರಿದ್ದಾರೆ. ಹಿರಿಯರ ಮನೆಯನ್ನು ಮಾರಿ ಪಾಲು ಮಾಡಿಕೊಳ್ಳುವವರಿದ್ದಾರೆ. ಬಹುತೇಕ ಕುಟುಂಬಗಳಿಗೆ ಮನೆಯೇ ಇರುವ ಒಂದೇ ಆಸ್ತಿ. ಕತ್ತಲೆಯ ನಾಲ್ಕು ಚಿತ್ರಗಳನ್ನು ಹಾಕಿದರೆ ಆ ಆಸ್ತಿಯ ಬೆಲೆ ಕುಗ್ಗುತ್ತದೆ. ಎಚ್ಚರವಿಲ್ಲದೆ ಹಾಕಿದರೆ ಮನೆಯವರ ಖಾಸಗಿ ವಿವರಗಳು ಅಪರಿಚಿತರ ಕೈ ಸೇರುತ್ತವೆ. ಆದ್ದರಿಂದ ಈ ಸಿದ್ಧತೆಯನ್ನು ಹಂತಹಂತವಾಗಿ ತಿಳಿಯುವುದು ಅಗತ್ಯ.

ಎಲ್ಲರ ಒಪ್ಪಿಗೆ ಮೊದಲು

ಮನೆಯು ಪಿತ್ರಾರ್ಜಿತವಾಗಿದ್ದರೆ ಚಿತ್ರ ತೆಗೆಯುವುದಕ್ಕೂ ಮೊದಲು ಹಕ್ಕುದಾರರೆಲ್ಲರೂ ಕುಳಿತು ಮಾತನಾಡಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಕಾಯ್ದೆಯ ಪ್ರಕಾರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ. ಮದುವೆಯಾಗಿ ಬೇರೆ ಊರಿನಲ್ಲಿರುವ ಅಕ್ಕತಂಗಿಯರು ತವರುಮನೆಯ ಮಾರಾಟದ ಸುದ್ದಿಯನ್ನು ಜಾಲತಾಣದ ಚಿತ್ರದಿಂದ ತಿಳಿಯುವಂತಾದರೆ ಮನಸ್ಸು ಮುರಿಯುತ್ತದೆ. ಮುಂದೆ ನೋಂದಣಿಯ ವೇಳೆಗೆ ಅವರ ಸಹಿಯೂ ಬೇಕಾಗುತ್ತದೆ.

ನೆಲ ಕಾಣಬೇಕು, ಕಿಟಕಿ ಕಾಣಬೇಕು

ಕ್ಯಾಮೆರಾ ಕಣ್ಣಿನಂತಲ್ಲ. ದಿನವೂ ನೋಡಿ ಅಭ್ಯಾಸವಾದ ವಸ್ತುಗಳನ್ನು ನಮ್ಮ ಕಣ್ಣು ಗಮನಿಸದೆ ಬಿಡುತ್ತದೆ. ಕ್ಯಾಮೆರಾ ಪ್ರತಿಯೊಂದನ್ನೂ ದಾಖಲಿಸುತ್ತದೆ. ಒಂದು ಕೋಣೆ ವಿಶಾಲವಾಗಿ ತೋರಬೇಕಾದರೆ ಅದರ ನೆಲ ಎಷ್ಟು ಕಾಣುತ್ತದೆ ಎಂಬುದೇ ಮುಖ್ಯ. ಮಂಚದಡಿಯ ಪೆಟ್ಟಿಗೆಗಳು, ಮೂಲೆಯ ಅಕ್ಕಿ ಚೀಲ, ಕುರ್ಚಿಯ ಮೇಲಿನ ಬಟ್ಟೆ, ಬಾಗಿಲ ಹಿಂದೆ ತೂಗುಹಾಕಿದ ಚೀಲಗಳು ಇವನ್ನು ತೆರವು ಮಾಡಿದರೆ ಅದೇ ಕೋಣೆ ದೊಡ್ಡದಾಗಿ ತೋರುತ್ತದೆ. ಇಡೀ ಮನೆಯನ್ನು ಒಮ್ಮೆಗೇ ಖಾಲಿ ಮಾಡಬೇಕಿಲ್ಲ. ಒಂದು ಕೋಣೆಯ ಸಾಮಾನನ್ನು ಇನ್ನೊಂದಕ್ಕೆ ಸಾಗಿಸಿ, ಚಿತ್ರ ತೆಗೆದು, ಮತ್ತೆ ಹಿಂದಕ್ಕೆ ತಂದರೆ ಸಾಕು.

ಅಡುಗೆಮನೆಯಲ್ಲಿ ಕಟ್ಟೆ ಪೂರ್ತಿಯಾಗಿ ಕಾಣಲಿ. ಮಿಕ್ಸಿಯೋ ನೀರಿನ ಕೊಡವೋ ಒಂದೆರಡು ವಸ್ತುಗಳಿದ್ದರೆ ಅಡ್ಡಿಯಿಲ್ಲ. ಸ್ನಾನದ ಮನೆಯಲ್ಲಿ ಬಕೆಟ್ಟು, ಸಾಬೂನು, ಹಲ್ಲುಜ್ಜುವ ಬ್ರಷ್ಷುಗಳನ್ನು ತೆಗೆದು ನೆಲವನ್ನು ಒಣಗಿಸಬೇಕು. ಜಗಲಿ, ಪಡಸಾಲೆಗಳಿದ್ದರೆ ತೊಳೆದು, ಚಪ್ಪಲಿಗಳನ್ನು ಸರಿಸಿ, ಎಂದಿನಂತೆ ರಂಗೋಲಿ ಹಾಕಿ. ಮನೆ ಇಂದಿಗೂ ಬಳಕೆಯಲ್ಲಿದೆ, ಜೋಪಾನವಾಗಿದೆ ಎಂಬುದನ್ನು ರಂಗೋಲಿಯೇ ಹೇಳುತ್ತದೆ.

ರದ್ದಿಗೆ ಹೋಗಬಾರದ ಕಾಗದ

ಮನೆ ಚೊಕ್ಕಟ ಮಾಡುವ ಈ ಗಡಿಬಿಡಿಯಲ್ಲಿಯೇ ಅಟ್ಟದ ಮೇಲಿನ ಕಾಗದಗಳು ರದ್ದಿ ಅಂಗಡಿಗೆ ಹೋಗುತ್ತವೆ. ಅಜ್ಜನ ಕಾಲದ ಕನ್ನಡ ಲೆಕ್ಕದ ಪುಸ್ತಕ, ಮದುವೆಯ ಆಮಂತ್ರಣ, ಓಲೆಗರಿಯ ಕಟ್ಟು, ಹಳೆಯ ಶಾಲಾ ಪಠ್ಯಪುಸ್ತಕ ಇವುಗಳಿಗೆ ಬೇರೆಡೆ ಇರುವುದಕ್ಕಿಂತ ಇಲ್ಲಿ ಹೆಚ್ಚಿನ ಬೆಲೆಯಿದೆ. ಈ ನೆಲದಲ್ಲಿ ಕನ್ನಡವನ್ನು ಬರೆದು ಓದಿದವರು ಇದ್ದರು ಎಂಬುದಕ್ಕೆ ಅವೇ ಪುರಾವೆ. ತೆರವು ಮಾಡುವಾಗ ಕನ್ನಡ ಅಕ್ಷರವಿರುವ ಪ್ರತಿಯೊಂದನ್ನೂ ಒಂದು ಪೆಟ್ಟಿಗೆಯಲ್ಲಿ ಬೇರೆಯಾಗಿಡಿ. ಓದಬಲ್ಲ ಪುಸ್ತಕಗಳನ್ನು ಹತ್ತಿರದ ಕನ್ನಡ ಮಾಧ್ಯಮ ಶಾಲೆಗೆ ಕೊಡಬಹುದು. ಓಲೆಗರಿ, ಕಡತಗಳಿದ್ದರೆ ಹಸ್ತಪ್ರತಿ ವಿಭಾಗವಿರುವ ಹಂಪಿಯ ಕನ್ನಡ ವಿಶ್ವವಿದ್ಯಾಲಯದಂತಹ ಸಂಸ್ಥೆಗೆ ತಿಳಿಸಬಹುದು. ಆಸ್ತಿಗೆ ಸಂಬಂಧಿಸಿದ ಹಳೆಯ ಪತ್ರಗಳನ್ನಂತೂ, ಹರಿದಿದ್ದರೂ, ಎಸೆಯಲೇಬಾರದು.

ಗೋಡೆಯ ಮೇಲಿರುವ ಮಾಹಿತಿ

ಜಾಲತಾಣದ ಚಿತ್ರವನ್ನು ಕೊಳ್ಳುವವರು ಮಾತ್ರವಲ್ಲ, ಯಾರು ಬೇಕಾದರೂ ನೋಡಬಹುದು, ಉಳಿಸಿಕೊಳ್ಳಬಹುದು. ಗೋಡೆಯ ಮೇಲಿನ ಮಕ್ಕಳ ಭಾವಚಿತ್ರ, ಶಾಲೆಯ ಹೆಸರಿರುವ ಪ್ರಶಸ್ತಿ ಪತ್ರ, ಗುರುತಿನ ಚೀಟಿ, ಸಮವಸ್ತ್ರ, ಬಾಗಿಲಿನ ಹೆಸರುಫಲಕ, ವಿದ್ಯುತ್ ಮೀಟರಿನ ಗ್ರಾಹಕ ಸಂಖ್ಯೆ, ವಾಹನದ ನೋಂದಣಿ ಫಲಕ, ಮೇಜಿನ ಮೇಲಿನ ಪಡಿತರ ಚೀಟಿ ಅಥವಾ ಆಧಾರ್ ಪ್ರತಿ ಇವೆಲ್ಲವನ್ನೂ ಚಿತ್ರಕ್ಕೆ ಮುನ್ನ ತೆಗೆದಿಡಬೇಕು. ಮಗುವಿನ ಹೆಸರು, ಶಾಲೆ, ಮನೆಯ ವಿಳಾಸ ಮೂರೂ ಒಂದೇ ಚಿತ್ರದಲ್ಲಿ ಸಿಗುವಂತಿರಬಾರದು.

ಕನ್ನಡಿ, ಗಾಜಿನ ಕಪಾಟು, ಟಿ.ವಿ. ಪರದೆಗಳಲ್ಲಿ ಬೀಳುವ ಪ್ರತಿಬಿಂಬವನ್ನೂ ಗಮನಿಸಿ. ಮೊಬೈಲಿನ ಕ್ಯಾಮೆರಾ ವ್ಯವಸ್ಥೆಯಲ್ಲಿ ಸ್ಥಳ ನಮೂದಿಸುವ ಸೌಲಭ್ಯ ಚಾಲನೆಯಲ್ಲಿದ್ದರೆ ಚಿತ್ರದೊಳಗೆ ಮನೆಯ ಅಕ್ಷಾಂಶ ರೇಖಾಂಶಗಳು ಅಡಗಿರುತ್ತವೆ. ಅದನ್ನು ನಿಲ್ಲಿಸಿ ಚಿತ್ರ ತೆಗೆಯುವುದು ಕ್ಷೇಮ. ದೇವರ ಮನೆಯನ್ನು ತೋರಿಸಬೇಕೇ ಎಂಬುದು ಆಯಾ ಕುಟುಂಬದ ಇಚ್ಛೆ. ಆದರೆ ಅಲ್ಲಿನ ಬೆಳ್ಳಿಯ ಸಾಮಾನು, ಒಡವೆ, ಕಬ್ಬಿಣದ ಬೀರು ಚಿತ್ರದಲ್ಲಿ ಕಾಣದಿರಲಿ.

ಬೆಳಕು ಮತ್ತು ದಿಕ್ಕು

ಪೂರ್ವಾಭಿಮುಖ ಮನೆಯ ಮುಂಭಾಗವನ್ನು ಬೆಳಿಗ್ಗೆ ತೆಗೆಯಬೇಕು. ಪಶ್ಚಿಮಾಭಿಮುಖ ಮನೆಯನ್ನು ಸಂಜೆ ನಾಲ್ಕರ ನಂತರ. ಸೂರ್ಯ ಮನೆಯ ಹಿಂದಿದ್ದರೆ ಮುಂಭಾಗ ಕಪ್ಪಾಗುತ್ತದೆ. ನಮ್ಮ ಜಿಲ್ಲೆಗಳು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ತುಸು ಉತ್ತರಕ್ಕೂ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೂ ಇರುತ್ತಾನೆ. ಚಳಿಗಾಲದಲ್ಲಿ ಉತ್ತರಾಭಿಮುಖ ಮನೆಯ ಮುಂಭಾಗಕ್ಕೆ ನೇರ ಬಿಸಿಲು ಬೀಳುವುದೇ ಇಲ್ಲ. ಅಂತಹ ಮನೆಯನ್ನು ತೆಳು ಮೋಡವಿರುವ ದಿನ ತೆಗೆದರೆ ಗೋಡೆಯೂ ಆಕಾಶವೂ ಸಮವಾಗಿ ಕಾಣುತ್ತವೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಹಿಂಗಾರು ಮಳೆಯ ಕಾಲ. ಗೋಡೆಯ ತೇವ ಆರಿದ ಮೇಲೆ ಚಿತ್ರ ತೆಗೆಯುವುದು ಲೇಸು.

ಒಳಕೋಣೆಗಳಿಗೆ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಸಮಯ ಅನುಕೂಲ. ಪರದೆಗಳನ್ನು ಪೂರ್ತಿ ಸರಿಸಿ, ಕಿಟಕಿಗಳನ್ನು ತೆರೆದು, ದೀಪಗಳನ್ನೆಲ್ಲ ಹಚ್ಚಿ. ಫ್ಯಾನ್ ನಿಲ್ಲಿಸಿ. ಫ್ಲ್ಯಾಷ್ ಬಳಸಬೇಡಿ, ಅದು ಹತ್ತಿರದ ಗೋಡೆಯನ್ನು ಬೆಳ್ಳಗೆ ಮಾಡಿ ದೂರದ ಮೂಲೆಯನ್ನು ಕತ್ತಲಲ್ಲಿ ಬಿಡುತ್ತದೆ.

ಮೊಬೈಲ್ ಹಿಡಿಯುವ ಬಗೆ

ಒಳ್ಳೆಯ ಚಿತ್ರಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಮೊದಲು ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ. ಮೊಬೈಲನ್ನು ಅಡ್ಡಲಾಗಿ, ಎದೆಯ ಮಟ್ಟದಲ್ಲಿ, ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಹಿಡಿಯಿರಿ. ಕೋಣೆಯ ಮೂಲೆಯಲ್ಲಿ ಅಥವಾ ಬಾಗಿಲಲ್ಲಿ ನಿಂತು ಎದುರು ಮೂಲೆಯತ್ತ ನೋಡಿದರೆ ಎರಡು ಗೋಡೆ, ಕಿಟಕಿ, ನೆಲ ಒಟ್ಟಿಗೆ ಕಾಣುತ್ತವೆ. ಮೊಬೈಲನ್ನು ಮೇಲಕ್ಕೋ ಕೆಳಕ್ಕೋ ವಾಲಿಸಿದರೆ ಗೋಡೆ ಕಂಬಗಳು ಓರೆಯಾಗುತ್ತವೆ. ಅತಿ ಅಗಲದ ಲೆನ್ಸು ಹತ್ತು ಅಡಿಯ ಕೋಣೆಯನ್ನು ಸಭಾಂಗಣದಂತೆ ತೋರಿಸಬಹುದು. ಅದನ್ನು ನಂಬಿ ಬಂದವರು ಹೊಸ್ತಿಲಲ್ಲೇ ನಿರಾಶರಾಗುತ್ತಾರೆ. ಆ ನಿರಾಶೆ ಚೌಕಾಶಿಯಲ್ಲಿ ಮಾರುವವರ ವಿರುದ್ಧವೇ ತಿರುಗುತ್ತದೆ.

ಹನ್ನೆರಡರಿಂದ ಹದಿನೈದು ಚಿತ್ರಗಳು ಸಾಕು. ಅವುಗಳ ಕ್ರಮ ಮನೆಯೊಳಗೆ ನಡೆದು ಹೋದಂತಿರಲಿ: ಬೀದಿ ಮತ್ತು ಮುಂಭಾಗ, ಜಗಲಿ, ಪಡಸಾಲೆ, ಕೋಣೆಗಳು, ಅಡುಗೆಮನೆ, ಸ್ನಾನದ ಮನೆ, ಹಿತ್ತಿಲು, ತಾರಸಿ.

ನೀರು, ಛಾವಣಿ, ಮಗ್ಗದ ಗುಂಡಿ

ಈ ಭಾಗದಲ್ಲಿ ಮನೆ ಕೊಳ್ಳುವವರು ನೀರಿನ ಬಗ್ಗೆ ವಿಚಾರಿಸದೆ ಇರುವುದಿಲ್ಲ. ಧರ್ಮಪುರಿಯ ಹಲವೆಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಆ ಕಾರಣಕ್ಕೇ ಜಪಾನಿನ ಸಾಲದ ನೆರವಿನಿಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ರೂಪುಗೊಂಡು 2013ರಲ್ಲಿ ಉದ್ಘಾಟನೆಯಾಯಿತು. ಮನೆಗೆ ಕಾವೇರಿ ನೀರಿನ ನಲ್ಲಿ ಇದ್ದರೆ ಅದರ ಚಿತ್ರವನ್ನು ಸೇರಿಸಿ. ತೆರೆದ ಬಾವಿ, ಕೊಳವೆಬಾವಿ, ತೊಟ್ಟಿಗಳನ್ನೂ ತೋರಿಸಿ. ತಮಿಳುನಾಡಿನಲ್ಲಿ 2003ರಿಂದ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ. ಆ ಕೊಳವೆ, ಇಂಗುಗುಂಡಿಗಳು ಸುಸ್ಥಿತಿಯಲ್ಲಿದ್ದರೆ ಒಂದು ಚಿತ್ರ ಅದಕ್ಕೂ ಮೀಸಲಿರಲಿ.

ಸೇಲಂನ ಕನ್ನಡ ಮನೆಮಾತಿನ ದೇವಾಂಗ ನೇಕಾರರ ಹಳೆಯ ಮನೆಗಳಲ್ಲಿ ಪಡಸಾಲೆಯಲ್ಲಿ ಗುಂಡಿಮಗ್ಗ ಇರುವುದುಂಟು. ನೇಯುವವರು ಕಾಲು ಇಳಿಬಿಟ್ಟು ಕೂರುವ ಆ ಗುಂಡಿಯನ್ನು ಚಾಪೆ ಹಾಸಿ ಮುಚ್ಚಿ ಚಿತ್ರ ತೆಗೆಯಬಾರದು. ನೋಡಲು ಬಂದವರು ಕಾಲಿಟ್ಟರೆ ಅಪಾಯ. ಒಂದೋ ಗುಂಡಿಯನ್ನು ಮಣ್ಣು ತುಂಬಿ ಗಟ್ಟಿಮಾಡಿ ನೆಲ ಹಾಸಬೇಕು. ಇಲ್ಲವೇ ಇರುವಂತೆಯೇ ತೋರಿಸಬೇಕು. ಕೊಳ್ಳುವವರೂ ನೇಕಾರರೇ ಆಗಿದ್ದರೆ ಆ ಗುಂಡಿಯೂ ಅದರ ಮೇಲಿನ ಗಟ್ಟಿ ತೊಲೆಯೂ ಮನೆಯ ಗುಣವೇ ಹೌದು.

ದೋಷವನ್ನು ಅಳಿಸಬಾರದು

ಗೋಡೆಯ ಬಿರುಕು, ಛಾವಣಿಯ ಸೋರಿಕೆಯ ಕಲೆಗಳನ್ನು ಮೊಬೈಲಿನಲ್ಲಿಯೇ ಅಳಿಸಿಬಿಡುವ ತಂತ್ರಗಳು ಈಗ ಸುಲಭವಾಗಿ ದೊರೆಯುತ್ತವೆ. ಚಿತ್ರವನ್ನು ತುಸು ಬೆಳಗಿಸುವುದು, ಓರೆಯನ್ನು ನೇರಗೊಳಿಸುವುದು ತಪ್ಪಲ್ಲ. ಇಲ್ಲದ್ದನ್ನು ಸೇರಿಸುವುದು, ಇದ್ದ ದೋಷವನ್ನು ತೆಗೆಯುವುದು ತಪ್ಪು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ಕಂಡುಹಿಡಿಯಲಾರದ ಮಹತ್ವದ ದೋಷವನ್ನು ಮಾರುವವರೇ ತಿಳಿಸಬೇಕು. ಸಣ್ಣ ಬಿರುಕನ್ನು ಮೊದಲೇ ದುರಸ್ತಿ ಮಾಡಿಸಿ ಸುಣ್ಣ ಹೊಡೆಸಿ. ದೊಡ್ಡದಿದ್ದರೆ ಅದನ್ನು ಹೇಳಿ ಬೆಲೆ ನಿಗದಿಪಡಿಸಿ.

ಚಿತ್ರದ ಕೆಳಗಿನ ಬರಹ

ಬೆಂಗಳೂರಿನವರು ಗುಂಟೆ ಎಂದು ಕೇಳಿದರೆ ನಮ್ಮ ದಾಖಲೆ, ಮಾತುಗಳಲ್ಲಿ ಸೆಂಟ್ ಎಂದಿರುತ್ತದೆ. ಒಂದು ಸೆಂಟ್ 435.6 ಚದರಡಿ; ಒಂದು ಗುಂಟೆ 1,089 ಚದರಡಿ. ಎಂದರೆ ಎರಡೂವರೆ ಸೆಂಟ್‌ಗೆ ಒಂದು ಗುಂಟೆ, ಐದು ಸೆಂಟ್‌ಗೆ ಎರಡು ಗುಂಟೆ. ತಮಿಳುನಾಡಿನ ಒಂದು ಗ್ರೌಂಡ್ 2,400 ಚದರಡಿ. ಮೂವತ್ತು ನಲವತ್ತರ ನಿವೇಶನ 1,200 ಚದರಡಿ, ಸುಮಾರು 2.75 ಸೆಂಟ್. ವಿವರಣೆಯಲ್ಲಿ ಸೆಂಟ್ ಮತ್ತು ಚದರಡಿ ಎರಡನ್ನೂ ಬರೆಯಿರಿ. ನಿವೇಶನದ ಅಳತೆಯನ್ನೂ ಕಟ್ಟಡದ ಅಳತೆಯನ್ನೂ ಬೇರೆಬೇರೆಯಾಗಿ ಕೊಡಿ.

ಜಿಲ್ಲೆಯ ಹೆಸರಿನಲ್ಲಿಯೂ ಗೊಂದಲವಾಗುವುದುಂಟು. ಧರ್ಮಪುರಿ ಜಿಲ್ಲೆ 1965ರ ಅಕ್ಟೋಬರ್ 2ರಂದು ಸೇಲಂನಿಂದ, ಕೃಷ್ಣಗಿರಿ ಜಿಲ್ಲೆ 2004ರ ಫೆಬ್ರವರಿ 9ರಂದು ಧರ್ಮಪುರಿಯಿಂದ ಬೇರ್ಪಟ್ಟವು. ಹೀಗಾಗಿ ಪೆನ್ನಾಗರದ ಹಳೆಯ ಪತ್ರದಲ್ಲಿ ಸೇಲಂ ಜಿಲ್ಲೆ ಎಂದೂ, ಹೊಸೂರು, ದೇಂಕಣಿಕೋಟೆಗಳ ಪತ್ರದಲ್ಲಿ ಧರ್ಮಪುರಿ ಜಿಲ್ಲೆ ಎಂದೂ ಇರಬಹುದು. ಜಾಲತಾಣದಲ್ಲಿ ಇಂದಿನ ಜಿಲ್ಲೆಯನ್ನೇ ಆರಿಸಿ.

ಪಟ್ಟಾ, ಕ್ರಯಪತ್ರ, ವಿಲ್ಲಂಗ ಸಾನ್ರಿದಳ್ ಎನ್ನುವ ಋಣಭಾರ ಪತ್ರ ಇವು ಸಿದ್ಧವಿವೆ ಎಂದು ಬರೆದರೆ ಸಾಕು. ಅವುಗಳ ಚಿತ್ರವನ್ನು ಜಾಲತಾಣಕ್ಕೆ ಹಾಕಬಾರದು. ಈ ದಾಖಲೆಗಳು ತಮಿಳಿನಲ್ಲಿರುತ್ತವೆ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರಿದ್ದರೆ, ಶಾಲೆಯಲ್ಲಿ ತಮಿಳನ್ನೂ ಕಲಿತ ಮಕ್ಕಳು ಅದನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಲಿ. ಸಹಿ ಹಾಕುವವರಿಗೆ ತಾವು ಏನನ್ನು ಒಪ್ಪುತ್ತಿದ್ದೇವೆ ಎಂಬುದು ತಮ್ಮ ಭಾಷೆಯಲ್ಲಿ ತಿಳಿದಿರಬೇಕು.

ನೋಡಲು ಬರುವವರು

ಚಿತ್ರ ಪ್ರಕಟವಾದೊಡನೆ ಕರೆಗಳು ಬರತೊಡಗುತ್ತವೆ. ಮನೆಯನ್ನು ನೋಡದೆಯೇ ಮುಂಗಡ ಕಳುಹಿಸುತ್ತೇನೆ, ಈ ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಎನ್ನುವವರು ವಂಚಕರು. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಹಾಗೆಯೇ, ಮಕ್ಕಳು ಮಾತ್ರ ಮನೆಯಲ್ಲಿರುವಾಗ ಯಾರನ್ನೂ ಒಳಗೆ ಕರೆಯದಿರುವುದು ನಿಯಮವಾಗಿರಲಿ.

ಮಾರ್ಚ್, ಏಪ್ರಿಲ್ ಪರೀಕ್ಷೆಯ ತಿಂಗಳುಗಳು. ಶಾಲೆಗಳು ಮತ್ತೆ ತೆರೆಯುವುದು ಜೂನ್ ವೇಳೆಗೆ. ಸಾಧ್ಯವಾದರೆ ಚಿತ್ರಗಳನ್ನು ಜನವರಿಯಲ್ಲಿಯೇ ತೆಗೆದಿಟ್ಟು, ನೋಡಲು ಬರುವವರಿಗೆ ಪರೀಕ್ಷೆ ಮುಗಿದ ನಂತರದ ದಿನಗಳನ್ನು ಕೊಡಿ. ಅಲ್ಲಿಯವರೆಗೆ ಮನೆಯ ಒಂದು ಮೂಲೆ, ಒಂದು ಮೇಜು, ಒಂದು ದೀಪ ಮಕ್ಕಳ ಓದಿಗೆ ಮೀಸಲಾಗಿರಲಿ. ಬೇರೆ ಊರಿಗೆ ಹೋಗುವುದೆಂದಾದರೆ ಅಲ್ಲಿ ಕನ್ನಡ ಮಾಧ್ಯಮದ ಶಾಲೆ ಎಷ್ಟು ದೂರದಲ್ಲಿದೆ, ಯಾವ ತರಗತಿಯವರೆಗೆ ಇದೆ ಎಂಬುದನ್ನು ಮನೆಯ ಬೆಲೆ ನಿರ್ಧರಿಸುವ ಮುನ್ನವೇ ವಿಚಾರಿಸಿಕೊಳ್ಳಬೇಕು.