ಸೋಂಕು ಎದೆಗೆ, ಸನ್ನಿ ಮಿದುಳಿಗೆ

ಕೆರೂರ ಕಡೆಯ, ಎಪ್ಪತ್ತು ದಾಟಿದ ಹಿರಿಯರೊಬ್ಬರನ್ನು ಕಣ್ಮುಂದೆ ತಂದುಕೊಳ್ಳಿ. ನೆಗಡಿ, ಕೆಮ್ಮು, ಜ್ವರ ಬಂದು, ಅದು ನ್ಯುಮೋನಿಯಾಕ್ಕೆ ತಿರುಗಿ ಬಾಗಲಕೋಟೆಯ ಆಸ್ಪತ್ರೆ ಸೇರಿದ್ದಾರೆ. ಮುಂಜಾನೆ ಮಗನನ್ನು ಹೆಸರು ಹಿಡಿದು ಕರೆದು ಎರಡು ತುತ್ತು ಉಂಡವರು, ಹೊತ್ತು ಮುಳುಗುವಷ್ಟರಲ್ಲಿ ಬೇರೆಯೇ ಮನುಷ್ಯರಾಗಿರುತ್ತಾರೆ. "ಎತ್ತಿಗಿ ಕಣಿಕಿ ಹಾಕೀರೇನ? ಗಾಡಿ ಹೂಡ್ರಿ, ಹೊತ್ತಾತು" ಎಂದು ಮಂಚದಿಂದ ಇಳಿಯಲು ನೋಡುತ್ತಾರೆ. ಮೂಗಿನ ಆಕ್ಸಿಜನ್ ನಳಿಕೆ ಕಿತ್ತೊಗೆಯುತ್ತಾರೆ. ಗೋಡೆಯ ಮೇಲೆ ಇರುವೆ ಸಾಲು ಹರಿಯುತ್ತಿದೆ ಎಂದು ಕೈಯಾಡಿಸುತ್ತಾರೆ. ಮಗ ಎದುರಿಗೇ ನಿಂತಿದ್ದರೂ "ನೀ ಯಾರಪಾ?" ಎನ್ನುತ್ತಾರೆ. ಮರುದಿನ ಹತ್ತು ಗಂಟೆಗೆ ಮತ್ತೆ ಮೊದಲಿನಂತೆ; ರಾತ್ರಿ ನಡೆದದ್ದು ಸರಿಯಾಗಿ ನೆನಪೂ ಇಲ್ಲ.

ಇದು ಸನ್ನಿ. ಡಾಕ್ಟರರು ಕೇಸ್ ಶೀಟಿನಲ್ಲಿ ಡೆಲಿರಿಯಂ ಎಂದು ಬರೆಯುವುದು ಇದನ್ನೇ. ಮನೆಯವರು ಹೆದರಿ ಇದಕ್ಕೆ ತಲೆ ಕೆಟ್ಟಿತು, ಗಾಳಿ ಸೋಕಿತು, ವಯಸ್ಸಾಯಿತು ಎಂದು ಕಾರಣ ಹಚ್ಚುವುದುಂಟು. ಮೊದಲ ಎರಡನ್ನು ವಾರ್ಡಿನ ನರ್ಸ್ ತಿದ್ದಿಯಾರು. ನನಗೆ ಕಾಡುವುದು ಮೂರನೆಯದು. "ವಯಸ್ಸಾತಲ್ರೀ, ಬಡಬಡಿಸ್ತಾರ" ಎಂಬ ಮಾತನ್ನು ಮನೆಯವರೂ ನಂಬುತ್ತಾರೆ, ಎಷ್ಟೋ ಸಲ ಆಸ್ಪತ್ರೆಯವರೂ ಒಪ್ಪಿಬಿಡುತ್ತಾರೆ. ಆದರೆ ಮುಪ್ಪಿನ ಮರೆವು ತಿಂಗಳು, ವರ್ಷಗಟ್ಟಲೆ ನಿಧಾನವಾಗಿ ಏರುವಂಥದ್ದು. ಸನ್ನಿ ಕೆಲವು ತಾಸುಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಬರುತ್ತದೆ, ಏರುತ್ತದೆ, ಇಳಿಯುತ್ತದೆ, ಎಲ್ಲಕ್ಕಿಂತ ಮೊದಲು ಗಮನವನ್ನು ಕೆಡಿಸುತ್ತದೆ. ಸೋಂಕು ಜೋರಾದಾಗ ಕಿಡ್ನಿ ಸೋಲುತ್ತದೆ ಎಂದರೆ ಎಲ್ಲರೂ ಗಾಬರಿಯಾಗುತ್ತಾರೆ. ಮಿದುಳೂ ಹಾಗೆಯೇ ಸೋಲಬಲ್ಲ ಅಂಗ. ಆ ಗಾಬರಿ ಇಲ್ಲಿಯೂ ಬೇಕು.

ಕೋವಿಡ್ ನಮ್ಮ ಭಾಗಕ್ಕೆ ಬೇಗನೆ ಬಂತು. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚಿನಲ್ಲಿ ಕಲಬುರಗಿಯದು. ಏಪ್ರಿಲ್ ಮೊದಲ ವಾರದಲ್ಲಿ ಬಾಗಲಕೋಟೆಯಲ್ಲಿ ವೃದ್ಧರೊಬ್ಬರು ತೀರಿಕೊಂಡರು. ಮೇ ಮೊದಲ ವಾರ ಬಾದಾಮಿ ತಾಲ್ಲೂಕಿನ ಢಾಣಕಶಿರೂರಿನಲ್ಲಿ ಒಂದೇ ದಿನ 13 ಮಂದಿಗೆ ಸೋಂಕು ಖಚಿತವಾಗಿ ಇಡೀ ಊರೇ ಸೀಲ್‌ಡೌನ್ ಆಯಿತು. ಆಗ ಎಲ್ಲರ ಕಣ್ಣು ಜ್ವರದ ಗನ್ ಮೇಲೆ, ಆಮೇಲೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮೇಲೆ. ಜ್ವರ ಉಂಟೇ, ಕೆಮ್ಮು ಉಂಟೇ, ಉಸಿರು ಹತ್ತುತ್ತದೆಯೇ ಎಂದು ಕೇಳಿದವರು ಬಹಳ ಮಂದಿ. ಅಜ್ಜನ ಮಾತು ಎಂದಿನಂತೆ ಇದೆಯೇ ಎಂದು ಕೇಳಿದವರು ಕಡಿಮೆ.

ಕೇಳಬೇಕಿತ್ತು. ಅಮೆರಿಕದ ಏಳು ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬಂದ 65 ದಾಟಿದ 817 ಕೋವಿಡ್ ರೋಗಿಗಳನ್ನು 2020ರಲ್ಲಿ ಅಧ್ಯಯನ ಮಾಡಿದರು. ನೂರಕ್ಕೆ 28 ಮಂದಿಗೆ ಬಾಗಿಲಲ್ಲೇ ಸನ್ನಿ ಇತ್ತು. ಹಾಗಿದ್ದವರಲ್ಲಿ ನೂರಕ್ಕೆ 37 ಮಂದಿಗೆ ಜ್ವರ, ಉಸಿರಾಟದ ತೊಂದರೆಯಂಥ ಮಾಮೂಲಿ ಲಕ್ಷಣಗಳೇ ಇರಲಿಲ್ಲ. ಅಂದರೆ ಎದೆಯ ಸೋಂಕಿನ ಸುದ್ದಿಯನ್ನು ಮೊದಲು ಹೇಳಿದ್ದು ಎದೆಯಲ್ಲ, ಮಿದುಳು. ಷಿಕಾಗೋದಲ್ಲಿ ದಾಖಲಾದ 509 ಕೋವಿಡ್ ರೋಗಿಗಳಲ್ಲಿ ಸುಮಾರು ಮೂವರಿಗೆ ಒಬ್ಬರಂತೆ ಮಿದುಳಿನ ಕೆಲಸ ಏರುಪೇರಾಗಿತ್ತು. ಅಂಥವರಲ್ಲಿ ಒಂದು ತಿಂಗಳೊಳಗಿನ ಸಾವು ಉಳಿದವರಿಗಿಂತ ಬಹಳ ಹೆಚ್ಚು. ಇನ್ನು ಐಸಿಯುಗಳ ಲೆಕ್ಕ. 14 ದೇಶಗಳ 69 ಐಸಿಯುಗಳಲ್ಲಿ 2,088 ರೋಗಿಗಳನ್ನು ನೋಡಿದ ದೊಡ್ಡ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ನೂರಕ್ಕೆ 55 ಮಂದಿಗೆ ಸನ್ನಿ, 82 ಮಂದಿಗೆ ಒಂದಲ್ಲ ಒಂದು ಹಂತದಲ್ಲಿ ಕೋಮಾ. ಸನ್ನಿ, ಕೋಮಾ ಎರಡೂ ಸೇರಿ ಮಿದುಳು ತನ್ನ ಹತೋಟಿಯಲ್ಲಿ ಇಲ್ಲದ ದಿನಗಳು ಹತ್ತಿರ ಹತ್ತಿರ 12.

ವೈರಸ್ಸು ಮಿದುಳಿಗೆ ಹೊಕ್ಕಿತೇ? ಎಲ್ಲರಿಗೂ ಬರುವ ಪ್ರಶ್ನೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಕೋವಿಡ್‌ನಿಂದ ತೀರಿಕೊಂಡ 41 ಮಂದಿಯ ಮಿದುಳನ್ನು ಪರೀಕ್ಷಿಸಿದರು. ವೈರಸ್ಸಿನ ಗುರುತು ಸಿಕ್ಕರೂ ತೀರ ಕಡಿಮೆ, ಹಲವರಲ್ಲಿ ಇಲ್ಲವೇ ಇಲ್ಲ. ಕಂಡದ್ದು ಬೇರೆ: ಆಕ್ಸಿಜನ್ ಸಾಲದೆ ಆದ ಹಾನಿ, ಮತ್ತು ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳ ಕೆರಳಿಕೆ. ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಕಿಡಿ ಬರದಿದ್ದರೂ ಹೊಗೆ ನಮ್ಮ ಪಡಸಾಲೆಗೆ ತುಂಬುವಂತೆ, ಶ್ವಾಸಕೋಶದಲ್ಲಿ ಸೋಂಕಿನ ವಿರುದ್ಧ ನಡೆಯುವ ಕಾಳಗದ ರಾಸಾಯನಿಕಗಳು ರಕ್ತದಲ್ಲಿ ಹರಿದು ಮಿದುಳನ್ನು ಮುಟ್ಟುತ್ತವೆ. ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಉರಿಯೂತದಲ್ಲಿ ಸಡಿಲಾಗುತ್ತದೆ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲಿನಷ್ಟೇ ಇರುವ ಮಿದುಳು, ದೇಹ ಬಳಸುವ ಆಕ್ಸಿಜನ್ನಿನ ಐದನೇ ಒಂದು ಪಾಲನ್ನು ತಾನೇ ಬೇಡುತ್ತದೆ. ಆಕ್ಸಿಜನ್ ಕೊರತೆಯ ಪೆಟ್ಟು ಬೇಗ ತಟ್ಟುವುದು ಅದಕ್ಕೇ. ಇದರ ಮೇಲೆ ನೀರಡಿಕೆ, ಸೋಡಿಯಂ ಇಳಿತ, ಸಕ್ಕರೆಯ ಏರಿಳಿತ, ನಿದ್ದೆಗೇಡು, ಮಲಬದ್ಧತೆ, ಕಟ್ಟಿದ ಮೂತ್ರ, ಕೆಲವು ಔಷಧ. ಕೋವಿಡ್‌ನಲ್ಲಿ ಜೀವ ಉಳಿಸಿದ ಡೆಕ್ಸಾಮೆಥಸೋನ್ ಕೂಡ ಕೆಲವರ ನಿದ್ದೆ ಕೆಡಿಸಿ ಚಡಪಡಿಕೆ ತರುತ್ತದೆ. ಒಂದೇ ಕಾರಣಕ್ಕೆ ಸನ್ನಿ ಬರುವುದು ಅಪರೂಪ. ಹಲವು ಕೂಡಿಕೊಂಡೇ ಬರುತ್ತವೆ. ಆದ್ದರಿಂದ ಇದು ಕೋವಿಡ್‌ಗೆ ಮೀಸಲಾದ ಮಾತಲ್ಲ. ಪ್ರತಿ ವರ್ಷದ ಫ್ಲೂ, ಎಚ್1ಎನ್1, ಉಸಿರಾಟದ ವೈರಸ್ಸಾದ ಆರ್‌ಎಸ್‌ವಿ ಯಾವುದೇ ಇರಲಿ, ಮುದುಕರ ಎದೆಗಿಳಿದರೆ ಇದೇ ದಾರಿ ಹಿಡಿಯಬಹುದು. 1918ರಲ್ಲಿ ಬಾದಾಮಿ, ಬಾಗಲಕೋಟೆ, ಹುನಗುಂದ ಇನ್ನೂ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯ ತಾಲ್ಲೂಕುಗಳಾಗಿದ್ದಾಗ ಪ್ರಾಂತವನ್ನೆಲ್ಲ ತುಳಿದ ಆ ದೊಡ್ಡ ಫ್ಲೂನಲ್ಲೂ ಜ್ವರದ ಜೊತೆ ಸನ್ನಿಯನ್ನು ಜಗತ್ತಿನ ವೈದ್ಯರು ಬರೆದಿಟ್ಟಿದ್ದಾರೆ.

ಗಲಾಟೆ ಮಾಡುವ ಸನ್ನಿ ಎಲ್ಲರಿಗೂ ಕಾಣುತ್ತದೆ. ಸದ್ದಿಲ್ಲದ ಸನ್ನಿಯೂ ಒಂದುಂಟು, ಹಿರಿಯರಲ್ಲಿ ಅದೇ ಹೆಚ್ಚು. ರೋಗಿ ಸುಮ್ಮನೆ ಮಲಗಿರುತ್ತಾರೆ, ಕರೆದರೆ ಅರೆಗಣ್ಣು ತೆರೆಯುತ್ತಾರೆ, ಅನ್ನ ಬಾಯಲ್ಲೇ ಇಟ್ಟುಕೊಂಡು ಮರೆಯುತ್ತಾರೆ. "ಆಯಿ ಇವತ್ತ ಆರಾಮ ಮಲಗ್ಯಾಳ" ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆಯಿ ಮಲಗಿಲ್ಲ, ಮಿದುಳು ಮಂಕಾಗಿದೆ. ಯಾರಿಗೂ ತೊಂದರೆ ಕೊಡದ ಈ ರೋಗಿಯೇ ತಪ್ಪಿಹೋಗುವುದು.

ಪತ್ತೆಗೆ ಸ್ಕ್ಯಾನ್ ಬೇಕಿಲ್ಲ. ಅಮೆರಿಕದ ವೈದ್ಯೆ ಶರೋನ್ ಇನೋಯೆ 1990ರಲ್ಲಿ ರೂಪಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ: ಬದಲಾವಣೆ ದಿಢೀರ್ ಆದದ್ದೇ, ಏರಿಳಿಯುತ್ತದೆಯೇ? ಗಮನ ನಿಲ್ಲುತ್ತಿಲ್ಲವೇ? ಮಾತು ಎಲ್ಲೆಲ್ಲೋ ಹರಿದಾಡುತ್ತದೆಯೇ? ಎಚ್ಚರ ಹೆಚ್ಚುಕಡಿಮೆಯಾಗಿದೆಯೇ? ಮೊದಲೆರಡು ಇದ್ದು, ಉಳಿದೆರಡರಲ್ಲಿ ಒಂದು ಕೂಡಿದರೆ ಸನ್ನಿ. ಗಮನ ನೋಡಲು ವಾರಗಳನ್ನು ಹಿಂದಿನಿಂದ ಹೇಳಿಸುತ್ತಾರೆ. "ರವಿವಾರದಿಂದ ಹಿಂದಕ್ಕ ಹೇಳ್ರಿ ಯಜಮಾನ್ರ" ಎಂದರೆ ನೆಟ್ಟಗಿರುವ ಮಿದುಳು ತಡವರಿಸಿಯಾದರೂ ಶನಿವಾರ, ಶುಕ್ರವಾರ, ಬೇಸ್ತವಾರ ಎಂದು ಇಳಿಯುತ್ತದೆ. ಸನ್ನಿಯಲ್ಲಿರುವವರು ಎರಡು ಹೇಳಿ ದಾರಿ ತಪ್ಪುತ್ತಾರೆ, ಇಲ್ಲವೇ ಮುಂದಕ್ಕೇ ಹೊರಡುತ್ತಾರೆ, ಇಲ್ಲವೇ ಪ್ರಶ್ನೆಯನ್ನೇ ಮರೆಯುತ್ತಾರೆ. ಗಂಟಲಲ್ಲಿ ನಳಿಕೆ ಇದ್ದು ಮಾತು ಬರದವರಿಗೆ ಬೇರೆ ದಾರಿ: ಡಾಕ್ಟರು ಹತ್ತು ಅಕ್ಷರ ಒಂದೊಂದಾಗಿ ಹೇಳುತ್ತಾರೆ, ಗೊತ್ತು ಮಾಡಿದ ಅಕ್ಷರ ಬಂದಾಗ ಮಾತ್ರ ರೋಗಿ ಕೈ ಹಿಸುಕಬೇಕು. ಎರಡಕ್ಕಿಂತ ಹೆಚ್ಚು ತಪ್ಪಾದರೆ ಗಮನ ಕೆಟ್ಟಿದೆ ಎಂದರ್ಥ.

ಈ ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ, ಬದಲಾವಣೆ ದಿಢೀರ್ ಆದದ್ದೇ ಎಂಬುದಕ್ಕೆ, ಡಾಕ್ಟರ ಬಳಿ ಉತ್ತರವಿರುವುದಿಲ್ಲ. ಆ ಮನುಷ್ಯನನ್ನು ಅವರು ನೋಡುತ್ತಿರುವುದೇ ಮೊದಲ ಸಲ. ಉತ್ತರ ಇರುವುದು ಬುತ್ತಿ ಹಿಡಿದು ಮಂಚದ ಬದಿ ಕುಳಿತ ಮಗಳ ಬಳಿ, ಸೊಸೆಯ ಬಳಿ. "ನಮ್ಮಪ್ಪ ಮೊನ್ನಿ ತನಕ ಸಂತಿಗಿ ಹೋಗಿ ಕುರಿ ವ್ಯಾಪಾರ ಮಾಡ್ಕೊಂಡ ಬರ್ತಿದ್ರಿ, ನಿನ್ನಿಯಿಂದ ಹಿಂಗ ಆಗೇತಿ" ಎಂಬ ಒಂದು ಮಾತು ಎಷ್ಟೋ ರಕ್ತಪರೀಕ್ಷೆಗಿಂತ ತೂಕದ್ದು. ನಮ್ಮ ಜನ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಬಾಯಿ ಬಿಡಲು ಸಂಕೋಚಪಡುತ್ತಾರೆ. ಈ ಮಾತನ್ನು ಮಾತ್ರ ರೌಂಡ್ಸಿಗೆ ಬಂದವರ ಮುಂದೆ ತಪ್ಪದೆ ಹೇಳಬೇಕು. ಹೇಳಿದವರನ್ನು ಕೇಳಿಸಿಕೊಳ್ಳುವ ತಾಳ್ಮೆ ಡಾಕ್ಟರಿಗೂ ಬೇಕು.

ಕೋವಿಡ್ ವಾರ್ಡು ಮುರಿದದ್ದು ಮನೆಯವರ ಈ ಜೊತೆಯನ್ನೇ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ಒಬ್ಬರಾದರೂ ಇರುವುದು ರೂಢಿ. 2020ರಲ್ಲಿ ಬಾಗಿಲು ಮುಚ್ಚಿತು. ಒಳಗೆ ಮುಖ ಕಾಣದ ಪಿಪಿಇ ಕಿಟ್ಟುಗಳು, ಹಗಲು ರಾತ್ರಿ ಒಂದೇ ಬೆಳಕು, ಯಂತ್ರಗಳ ಕೂಗು, ಕನ್ನಡಕ ಮನೆಯಲ್ಲಿ. ಆ 14 ದೇಶಗಳ ಅಧ್ಯಯನದಲ್ಲಿ ಮನೆಯವರು ಕಣ್ಣೆದುರಿಗೋ ವಿಡಿಯೋ ಕರೆಯಲ್ಲೋ ಸಿಕ್ಕ ರೋಗಿಗಳಿಗೆ ಸನ್ನಿಯ ಅಪಾಯ ನೂರಕ್ಕೆ 27ರಷ್ಟು ಕಡಿಮೆ ಇತ್ತು; ಬೆಂಜೋಡಯಜೆಪೀನ್ ಗುಂಪಿನ ಮಂಪರು ಔಷಧದ ಹನಿ ಹಾಕಿದವರಿಗೆ 59ರಷ್ಟು ಹೆಚ್ಚು. ಮನೆಯವರ ಭೇಟಿಯಿಂದಲೇ ಸನ್ನಿ ತಪ್ಪಿತು ಎಂದು ಇದರಿಂದ ಸಾಧಿಸಲಾಗದು, ಚೇತರಿಸಿಕೊಳ್ಳುತ್ತಿದ್ದವರಿಗೇ ಭೇಟಿ ಹೆಚ್ಚು ಸಿಕ್ಕಿರಬಹುದು. ಆದರೆ ಸಾಂಕ್ರಾಮಿಕಕ್ಕೂ ಮೊದಲೇ, 1999ರಲ್ಲಿ, ಇನೋಯೆ ಅವರ ತಂಡ ಎಪ್ಪತ್ತು ದಾಟಿದ 852 ರೋಗಿಗಳಲ್ಲಿ ಆರೈಕೆಯಿಂದಲೇ ಸನ್ನಿ ತಡೆಯುವುದನ್ನು ಮಾಡಿ ತೋರಿಸಿತ್ತು. ದಿನ, ಜಾಗ ನೆನಪಿಸುವುದು, ರಾತ್ರಿ ಮಾತ್ರೆಯಿಲ್ಲದೆ ನಿದ್ದೆ ಬರಿಸುವುದು, ಬೇಗ ಎಬ್ಬಿಸಿ ನಡೆಸುವುದು, ಕನ್ನಡಕ, ಕಿವಿಯ ಯಂತ್ರ ಕೊಡುವುದು, ನೀರು ಕುಡಿಸುವುದು. ಇಷ್ಟರಿಂದ ಸನ್ನಿ ನೂರಕ್ಕೆ 15 ಇದ್ದದ್ದು 9.9ಕ್ಕೆ ಇಳಿಯಿತು. ಇದರಲ್ಲಿ ಇಳಕಲ್ಲಿನ ನೇಕಾರರ ಮನೆಯ ಹೆಣ್ಣುಮಗಳು ಮಾಡಲಾರದ್ದು ಯಾವುದಿದೆ? ಇದನ್ನು ಚಿಕಿತ್ಸೆಯೆಂದು ಗುರುತಿಸಿ, ಏನು ಮಾಡಬೇಕೆಂದು ಆಕೆಗೆ ಆಸ್ಪತ್ರೆ ಹೇಳಿಕೊಡಬೇಕು. ಸೋಂಕು ಹರಡುವ ಭಯವಿದ್ದಾಗ ಮಾಸ್ಕು ಹಾಕಿಸಿ ಒಬ್ಬರನ್ನು ಒಳಬಿಡುವ ವ್ಯವಸ್ಥೆ ಬೇಕೇ ಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಸನ್ನಿಗೆಂದೇ ಗುಣಪಡಿಸುವ ಔಷಧವಿಲ್ಲ. ಹ್ಯಾಲೋಪೆರಿಡಾಲ್ ಕೊಟ್ಟರೂ ಐಸಿಯುವಿನಲ್ಲಿ ಸನ್ನಿಯ ದಿನಗಳು ಕಡಿಮೆಯಾಗಲಿಲ್ಲ ಎಂದು 2018ರ ದೊಡ್ಡ ಪ್ರಯೋಗ ತೋರಿಸಿತು. ಕಾರಣ ಹುಡುಕಿ ಸರಿಪಡಿಸುವುದೇ ದಾರಿ. ಕೈಕಾಲು ಕಟ್ಟಿದರೆ ಚಡಪಡಿಕೆ ಹೆಚ್ಚುತ್ತದೆ. ಒಂದು ಸಂಗತಿ ಮಾತ್ರ ಬೇರೆ: ದಿನಾ ಕುಡಿಯುವವರಿಗೆ ಆಸ್ಪತ್ರೆ ಸೇರಿ ಕುಡಿತ ನಿಂತ ಎರಡು ಮೂರು ದಿನಕ್ಕೆ ನಡುಕ, ಬೆವರು, ಸನ್ನಿ ಬರಬಹುದು. ಅದು ಪ್ರಾಣಕ್ಕೇ ಅಪಾಯ, ಅದಕ್ಕೆ ಮಂಪರು ಔಷಧವೇ ಚಿಕಿತ್ಸೆ. ಮರ್ಯಾದೆಗೆ ಅಂಜಿ ಕುಡಿತವನ್ನು ಡಾಕ್ಟರರಿಂದ ಮುಚ್ಚಿಟ್ಟರೆ ಆ ಚಿಕಿತ್ಸೆ ತಪ್ಪುತ್ತದೆ.

ಡಿಸ್ಚಾರ್ಜ್ ಆದ ಮೇಲೂ ಕೆಲವರ ಮಿದುಳು ಬೇಗ ಹಳಿಗೆ ಬರುವುದಿಲ್ಲ. 2013ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಐಸಿಯುವಿನಿಂದ ಬದುಕಿ ಬಂದವರಲ್ಲಿ ಸುಮಾರು ನಾಲ್ವರಿಗೆ ಒಬ್ಬರ ನೆನಪು, ಲೆಕ್ಕಾಚಾರದ ಮಟ್ಟ ಒಂದು ವರ್ಷದ ನಂತರವೂ ಆರಂಭದ ಅಲ್ಜೈಮರ್ ರೋಗಿಗಳದಷ್ಟಿತ್ತು. ಸನ್ನಿಯ ದಿನಗಳು ಹೆಚ್ಚಿದಷ್ಟೂ ಆ ಕೊರತೆ ಹೆಚ್ಚು. ಮನೆಗೆ ಬಂದವರ ಡಿಸ್ಚಾರ್ಜ್ ಕಾರ್ಡಿನಲ್ಲಿ ಸನ್ನಿ ಆಗಿತ್ತು ಎಂದು ಬರೆಸಿಕೊಳ್ಳಿ, ಮುಂದಿನ ಸಲ ಯಾವ ಆಸ್ಪತ್ರೆಗೆ ಹೋದರೂ ತೋರಿಸಿ. ಟ್ರ್ಯಾಕ್ಟರ್, ಬೈಕು, ವಿದ್ಯುತ್ ಮಗ್ಗ ಮುಟ್ಟಲು ಅವಸರ ಬೇಡ. ಮೂರು ತಿಂಗಳಾದರೂ ಲೇವಾದೇವಿಯ ಲೆಕ್ಕ ತಪ್ಪುತ್ತಿದ್ದರೆ, ಗೊತ್ತಿದ್ದ ಕೆಲಸದ ಹದ ಕೆಡುತ್ತಿದ್ದರೆ ಮತ್ತೆ ಡಾಕ್ಟರರ ಬಳಿ ಹೋಗಬೇಕು. ಥೈರಾಯ್ಡ್, ಬಿ12 ಕೊರತೆ, ಖಿನ್ನತೆ ಇವೂ ಅದೇ ಲಕ್ಷಣ ಕೊಡುತ್ತವೆ, ಮತ್ತು ಅವಕ್ಕೆ ಔಷಧ ಉಂಟು.